ಡೈಈಥೈಲ್ ಫ್ಯೂಮರೇಟ್ ಡೈಮರ್ ಆಗುವ ವೇಗ ಅಳೆಯಲು ಸೆಲ್ ಮತ್ತು ಪೊಟೆನ್ಶಿಯೊಸ್ಟಾಟ್ ಕಟ್ಟುವ ಬಗೆ

ಡೈಈಥೈಲ್ ಫ್ಯೂಮರೇಟ್ ಎಂಬ ಎಸ್ಟರ್ ಒಂದು ಎಲೆಕ್ಟ್ರಾನ್ ಪಡೆದರೆ (ಇದೇ ಅಪಕರ್ಷಣೆ), ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ರ‍್ಯಾಡಿಕಲ್ ಋಣ ಅಯಾನು ಆಗುತ್ತದೆ. ಅಂಥ ಎರಡು ಅಯಾನುಗಳು ಎದುರಾದಾಗ ಕಾರ್ಬನ್–ಕಾರ್ಬನ್ ಬಂಧವಾಗಿ ಡೈಮರ್, ಅಂದರೆ ಜೋಡಿ ಅಣು, ಹುಟ್ಟುತ್ತದೆ. ಆಮೇಲೆ ಎಲ್ಲಿಂದಲಾದರೂ ಎರಡು ಪ್ರೋಟಾನ್ ಸಿಕ್ಕರೆ ಬ್ಯೂಟೇನ್ ಟೆಟ್ರಾಕಾರ್ಬಾಕ್ಸಿಲಿಕ್ ಆಮ್ಲದ ಟೆಟ್ರಾಈಥೈಲ್ ಎಸ್ಟರ್ ಉಳಿಯುತ್ತದೆ. ಇದರ ದೊಡ್ಡಣ್ಣ ಕಾರ್ಖಾನೆಯಲ್ಲಿದ್ದಾನೆ. ಅಕ್ರಿಲೋನೈಟ್ರೈಲನ್ನು ಅಪಕರ್ಷಿಸಿ ನೈಲಾನ್ 6,6ಕ್ಕೆ ಬೇಕಾದ ಅಡಿಪೊನೈಟ್ರೈಲ್ ಮಾಡುವ ವಿಧಾನವನ್ನು ಮ್ಯಾನ್ಯುಯೆಲ್ ಬೈಜರ್ ಮೊನ್ಸಾಂಟೋದಲ್ಲಿ ರೂಪಿಸಿದರು, 1965ರಲ್ಲಿ ಅದು ಉತ್ಪಾದನೆಗೆ ಬಂತು.

ಅಭ್ಯಾಸಕ್ಕೆ ಫ್ಯೂಮರೇಟನ್ನೇ ಆರಿಸಲು ಕಾರಣ ಅದರ ವೇಗ. ಒಣ ಡಿಎಂಎಫ್‌ನಲ್ಲಿ (ಡೈಮೀಥೈಲ್ ಫಾರ್ಮಮೈಡ್ ಎಂಬ ದ್ರಾವಕ) ಇದರ ವೇಗ ಸ್ಥಿರಾಂಕ ಲೀಟರ್ ಪ್ರತಿ ಮೋಲ್ ಪ್ರತಿ ಸೆಕೆಂಡ್ ಲೆಕ್ಕದಲ್ಲಿ ಕೆಲವು ಹತ್ತುಗಳಷ್ಟು ಮಾತ್ರ, ಫ್ಯೂಮರೋನೈಟ್ರೈಲ್‌ದು ಲಕ್ಷಗಳಲ್ಲಿ. ಸ್ಕ್ಯಾನ್ ಎಂದರೆ ಎಲೆಕ್ಟ್ರೋಡಿನ ವೋಲ್ಟೇಜನ್ನು ಒಂದೇ ವೇಗದಲ್ಲಿ ಋಣ ಕಡೆಗೆ ಒಯ್ದು ಹಿಂದಕ್ಕೆ ತರುತ್ತ ಕರೆಂಟ್ ಅಳೆಯುವುದು. ಹತ್ತುಗಳ ಮಟ್ಟವಾದರೆ ಸೆಕೆಂಡಿಗೆ 20ರಿಂದ 500 ಮಿಲಿವೋಲ್ಟ್ ಸ್ಕ್ಯಾನ್ ಸಾಕು, ಮನೆಯಲ್ಲೇ ಕಟ್ಟಿದ ಸರ್ಕ್ಯೂಟ್ ಇದಕ್ಕೆ ನಿಲ್ಲುತ್ತದೆ. ಆದರೆ ರಸಾಯನ ಮನೆಯ ಕೆಲಸವಲ್ಲ. ಡಿಎಂಎಫ್ ಚರ್ಮದ ಮೂಲಕ ಒಳಹೋಗುತ್ತದೆ, ಗರ್ಭಸ್ಥ ಶಿಶುವಿಗೆ ಅಪಾಯಕಾರಿ. ಫ್ಯೂಮ್ ಹುಡ್ ಇರುವ ಕಾಲೇಜು ಲ್ಯಾಬಿನಲ್ಲೇ ಮಾಡಬೇಕು. ತೆಳು ನೈಟ್ರೈಲ್ ಗ್ಲೌಸನ್ನು ಡಿಎಂಎಫ್ ಬೇಗ ದಾಟುತ್ತದೆ, ಬ್ಯುಟೈಲ್ ರಬ್ಬರಿನದು ಬೇಕು. ನೈಟ್ರೈಲ್ ಬಿಟ್ಟು ಬೇರೆ ಇಲ್ಲದಿದ್ದರೆ ಎರಡು ಪದರ ಹಾಕಿ, ಹನಿ ಬಿದ್ದ ತಕ್ಷಣ ಬದಲಿಸಿ.

ಸರ್ಕ್ಯೂಟ್

ಪೊಟೆನ್ಶಿಯೊಸ್ಟಾಟ್ ಎಂದರೆ ರೆಫರೆನ್ಸ್ ಎಲೆಕ್ಟ್ರೋಡಿಗೆ ಹೋಲಿಸಿ ವರ್ಕಿಂಗ್ ಎಲೆಕ್ಟ್ರೋಡಿನ ವೋಲ್ಟೇಜನ್ನು ಹೇಳಿದಲ್ಲಿ ನಿಲ್ಲಿಸಿ, ಅದಕ್ಕೂ ಕೌಂಟರ್ ಎಲೆಕ್ಟ್ರೋಡಿಗೂ ನಡುವೆ ಹರಿಯುವ ಕರೆಂಟನ್ನು ಅಳೆಯುವ ಸರ್ಕ್ಯೂಟ್. ಪೂರೈಕೆಗೆ ಎರಡು 9 ವೋಲ್ಟ್ ಬ್ಯಾಟರಿ. ಮೇನ್ಸ್ ಅಡಾಪ್ಟರ್ ಬಿಟ್ಟರೆ 50 ಹರ್ಟ್ಸ್ ಗುಂಯ್ ಅರ್ಧಕ್ಕರ್ಧ ಅಲ್ಲೇ ಹೋಗುತ್ತದೆ. ಆಪ್-ಆಂಪ್ ಐಸಿಗಳಾದ ಒಂದು ಟಿಎಲ್074 (ನಾಲ್ಕು ಭಾಗ), ಒಂದು ಟಿಎಲ್072 (ಎರಡು ಭಾಗ), 5 ವೋಲ್ಟ್ ರೆಫರೆನ್ಸ್ ಐಸಿ ಆರ್‌ಇಎಫ್02, ಅಂಕಿಯನ್ನು ವೋಲ್ಟೇಜಾಗಿ ಮಾಡುವ 12 ಬಿಟ್‌ನ ಡ್ಯಾಕ್ ಎಂಸಿಪಿ4725, ವೋಲ್ಟೇಜನ್ನು ಅಂಕಿಯಾಗಿ ಮಾಡುವ 16 ಬಿಟ್‌ನ ಎಡಿಎಸ್1115, ಮತ್ತು ಆರ್ಡುಯಿನೋ ನ್ಯಾನೋ. ಎಂಸಿಪಿ4725 ತನ್ನ ಪೂರೈಕೆ ವೋಲ್ಟೇಜನ್ನೇ ರೆಫರೆನ್ಸ್ ಆಗಿ ಬಳಸುತ್ತದೆ, ಯುಎಸ್‌ಬಿಯ 5 ವೋಲ್ಟ್ ಕೊಟ್ಟರೆ ಲ್ಯಾಪ್‌ಟಾಪಿನ ಗದ್ದಲವೆಲ್ಲ ಎಲೆಕ್ಟ್ರೋಡಿಗೆ ಇಳಿಯುತ್ತದೆ. ಆದ್ದರಿಂದ ಡ್ಯಾಕ್‌ಗೆ ಆರ್‌ಇಎಫ್02ನಿಂದಲೇ ಕೊಡಿ. ಅದೇ 5 ವೋಲ್ಟನ್ನು ಎರಡು ಸಮ ರೆಸಿಸ್ಟರ್‌ಗಳಿಂದ ಅರ್ಧ ಮಾಡಿ, ಟಿಎಲ್072ರ ಒಂದು ಭಾಗದಲ್ಲಿ ಬಫರ್ ಮಾಡಿ, ಇನ್ನೊಂದು ಭಾಗದಲ್ಲಿ ಡ್ಯಾಕ್ ಔಟ್‌ಪುಟ್‌ನಿಂದ ಕಳೆದರೆ −2.5ರಿಂದ +2.5 ವೋಲ್ಟ್ ಸಿಗುತ್ತದೆ. ಒಂದು ಮೆಟ್ಟಿಲು 1.22 ಮಿಲಿವೋಲ್ಟ್.

ಟಿಎಲ್074ರ ಮೂರು ಭಾಗ ಸಾಕು. ರೆಫರೆನ್ಸ್ ಎಲೆಕ್ಟ್ರೋಡಿಗೆ ಫಾಲೋವರ್. ಅದರ ಔಟ್‌ಪುಟ್ ಮತ್ತು ಡ್ಯಾಕ್ ಸಿಗ್ನಲ್ ತಲಾ 10 ಕಿಲೋಓಮ್ ಮೂಲಕ ಕಂಟ್ರೋಲ್ ಆಂಪ್‌ನ ಮೈನಸ್ ಕಾಲಿಗೆ, ಅದರ ಔಟ್‌ಪುಟ್ ಕೌಂಟರ್ ಎಲೆಕ್ಟ್ರೋಡಿಗೆ. ವರ್ಕಿಂಗ್ ಎಲೆಕ್ಟ್ರೋಡ್ ಮೂರನೇ ಭಾಗದ ಮೈನಸ್ ಕಾಲಿಗೆ, ಅದೇ ಕರೆಂಟನ್ನು ವೋಲ್ಟೇಜಾಗಿ ಮಾಡುವ ಭಾಗ. ಅದರ ಫೀಡ್‌ಬ್ಯಾಕ್‌ಗೆ ಸ್ವಿಚ್ ಹಾಕಿ ಎರಡು ರೇಂಜ್ ಇಡಿ: 47 ಕಿಲೋಓಮ್ ಜೊತೆ 2.2 ನ್ಯಾನೋಫ್ಯಾರಡ್, 470 ಕಿಲೋಓಮ್ ಜೊತೆ 220 ಪಿಕೋಫ್ಯಾರಡ್. ಎರಡರಲ್ಲೂ ಸಮಯ ಸ್ಥಿರಾಂಕ ಸುಮಾರು 0.1 ಮಿಲಿಸೆಕೆಂಡ್, ಸೆಕೆಂಡಿಗೆ ಅರ್ಧ ವೋಲ್ಟ್ ಸ್ಕ್ಯಾನಿನಲ್ಲಿ 0.05 ಮಿಲಿವೋಲ್ಟ್ ಹಿಂದುಳಿಯುವಿಕೆ. ಲೆಕ್ಕಕ್ಕೇ ಇಲ್ಲ.

ಎಡಿಎಸ್1115 ಋಣ ವೋಲ್ಟೇಜ್ ಸಹಿಸುವುದಿಲ್ಲ. ಕರೆಂಟ್ ಭಾಗದ ಔಟ್‌ಪುಟ್‌ನಿಂದ 10 ಕಿಲೋಓಮ್, ಆರ್‌ಇಎಫ್02ರ 5 ವೋಲ್ಟಿನಿಂದ ಇನ್ನೊಂದು 10 ಕಿಲೋಓಮ್ ತಂದು ಕೂಡಿಸಿದರೆ ನಡುವೆ ಸಿಗುವುದು ಔಟ್‌ಪುಟ್‌ನ ಅರ್ಧ ಕೂಡಿಸು 2.5. ಆಂಪ್ ಸ್ಯಾಚುರೇಟ್ ಆದಾಗ ಚಿಪ್ ಸುಡದಂತೆ ಅಲ್ಲಿಂದ ನೆಲಕ್ಕೊಂದು, 5 ವೋಲ್ಟಿಗೊಂದು ಶಾಟ್ಕಿ ಡಯೋಡ್ ಹಾಕಿ. ಎಲೆಕ್ಟ್ರೋಡ್ ಕಳಚಿಕೊಂಡ ಗಳಿಗೆಯಲ್ಲಿ ಆಂಪ್ ಒಂದೇ ಏಟಿಗೆ 8 ವೋಲ್ಟ್ ಕಡೆ ಓಡುತ್ತದೆ, ಈ ಎರಡು ಡಯೋಡ್ ಇಲ್ಲದೆ ಸೆಲ್ ಜೋಡಿಸಬೇಡಿ.

ವೇಗದ ಮಿತಿ ಎಡಿಎಸ್1115ರದ್ದು: ಗರಿಷ್ಠ ಸೆಕೆಂಡಿಗೆ 860 ಅಳತೆ, ಅಂದರೆ ಒಂದಕ್ಕೆ 1.16 ಮಿಲಿಸೆಕೆಂಡ್. ಸೆಕೆಂಡಿಗೆ 500 ಮಿಲಿವೋಲ್ಟ್‌ನಲ್ಲಿ ಪ್ರತಿ ಮೆಟ್ಟಿಲಿಗೆ 2.44 ಮಿಲಿಸೆಕೆಂಡ್ ಸಿಗುತ್ತದೆ, ಮೆಟ್ಟಿಲಿನ ಎರಡನೇ ಅರ್ಧದಲ್ಲಿ ಅಳೆಯಲು ಸಾಕು. 1 ವೋಲ್ಟಿಗೆ ಹೋದರೆ ಐ2ಸಿ ಸಂವಹನದ ಸಮಯವೂ ಸೇರಿ ತಪ್ಪುತ್ತದೆ. ಮೆಟ್ಟಿಲಿನ ಮೊದಲರ್ಧ ಬಿಡುವುದು ಯಾಕೆಂದರೆ ಆಗ ಹರಿಯುವುದು ಎಲೆಕ್ಟ್ರೋಡ್ ಮೇಲ್ಮೈ ಚಾರ್ಜ್ ಆಗುವ ಕರೆಂಟ್, ನಮಗೆ ಬೇಕಾದದ್ದಲ್ಲ.

ಸೆಲ್ ಮುಟ್ಟುವ ಮೊದಲು ಡಮ್ಮಿ ಪರೀಕ್ಷೆ: 100 ಕಿಲೋಓಮ್‌ಗೆ ಸಮಾಂತರ 0.22 ಮೈಕ್ರೋಫ್ಯಾರಡ್, ಅದಕ್ಕೆ ಸರಣಿಯಲ್ಲಿ 1 ಕಿಲೋಓಮ್. ರೆಫರೆನ್ಸ್ ಮತ್ತು ಕೌಂಟರ್ ಎರಡನ್ನೂ ಒಂದೇ ತುದಿಗೆ ಹಾಕಿ 1 ವೋಲ್ಟ್ ಕೊಟ್ಟರೆ 9.9 ಮೈಕ್ರೋಆಂಪ್ ಬರಬೇಕು, ರೇಖೆ ನೇರವಾಗಿರಬೇಕು. ಕರೆಂಟಿನ ಚಿಹ್ನೆಯನ್ನು ಇಲ್ಲಿಯೇ ಗಟ್ಟಿ ಮಾಡಿಕೊಳ್ಳಿ.

ಸೆಲ್ ಮತ್ತು ಎಲೆಕ್ಟ್ರೋಡ್‌ಗಳು

25 ಮಿಲಿಲೀಟರಿನ ಬೊರೊಸಿಲಿಕೇಟ್ ಗಾಜಿನ ಸೀಸೆ, ಅದಕ್ಕೆ ಟೆಫ್ಲಾನ್ ಮುಚ್ಚಳ, ಮುಚ್ಚಳದಲ್ಲಿ ಐದು ರಂಧ್ರ: ಮೂರು ಎಲೆಕ್ಟ್ರೋಡಿಗೆ, ಒಂದು ಅನಿಲ ಒಳಬರಲು, ಒಂದು ಹೊರಹೋಗಲು. ಪಾಲಿಸ್ಟೈರೀನ್, ಪಾಲಿಕಾರ್ಬೊನೇಟ್ ಡಿಎಂಎಫ್‌ನಲ್ಲಿ ಕರಗುತ್ತವೆ, ವಿಟಾನ್ ಓ-ರಿಂಗ್ ಉಬ್ಬುತ್ತದೆ. ಅನಿಲದ ಕೊಳವೆ ಟೆಫ್ಲಾನ್ ಅಥವಾ ಪಾಲಿಪ್ರೊಪಿಲೀನ್.

ವರ್ಕಿಂಗ್ ಎಲೆಕ್ಟ್ರೋಡ್ ಗ್ಲಾಸಿ ಕಾರ್ಬನ್, ವ್ಯಾಸ 1 ಮಿಲಿಮೀಟರ್. ಅಂಗಡಿಯಲ್ಲಿ ಸಲೀಸಾಗಿ ಸಿಗುವುದು 3 ಮಿಲಿಮೀಟರಿನದು, ಆದರೂ ಹುಡುಕಿ ಚಿಕ್ಕದನ್ನೇ ಕೊಳ್ಳಿ. ಕರೆಂಟ್ ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿ ಇಳಿಯುತ್ತದೆ, ದ್ರಾವಣದ ರೋಧ ತ್ರಿಜ್ಯಕ್ಕೆ ವಿಲೋಮದಲ್ಲಿ ಏರುತ್ತದೆ, ಹಾಗಾಗಿ ಎರಡರ ಗುಣಲಬ್ಧವಾದ ವೋಲ್ಟೇಜ್ ನಷ್ಟ ತ್ರಿಜ್ಯದ ಜೊತೆಗೇ ಇಳಿಯುತ್ತದೆ. 10 ಮಿಲಿಮೋಲಾರ್, ಸೆಕೆಂಡಿಗೆ 200 ಮಿಲಿವೋಲ್ಟ್ ಸ್ಕ್ಯಾನಿನಲ್ಲಿ 1 ಮಿಲಿಮೀಟರ್ ಎಲೆಕ್ಟ್ರೋಡಿನ ಶೃಂಗ (ರೇಖೆಯ ತುದಿಯ) ಕರೆಂಟ್ ಸುಮಾರು 30 ಮೈಕ್ರೋಆಂಪ್, ರೋಧ ಸುಮಾರು 1 ಕಿಲೋಓಮ್, ನಷ್ಟ 30 ಮಿಲಿವೋಲ್ಟ್. 3 ಮಿಲಿಮೀಟರಿನದರಲ್ಲಿ ಇದು 100ರ ಹತ್ತಿರ. 2 ಮಿಲಿಮೋಲಾರ್, 40 ಮಿಲಿವೋಲ್ಟಿನಲ್ಲಿ ಕರೆಂಟ್ 3 ಮೈಕ್ರೋಆಂಪ್‌ಗಿಂತ ಕಡಿಮೆ, ಅದಕ್ಕೇ 470 ಕಿಲೋಓಮ್ ರೇಂಜ್.

ಪಾಲಿಶ್: 0.3 ಮೈಕ್ರಾನ್ ಅಲ್ಯೂಮಿನಾ, ಆಮೇಲೆ 0.05 ಮೈಕ್ರಾನ್, ಒದ್ದೆ ಮೈಕ್ರೋಕ್ಲಾತ್ ಮೇಲೆ ಇಂಗ್ಲಿಷಿನ ಎಂಟರ ಆಕಾರದಲ್ಲಿ. ನೀರು, ಎಥನಾಲ್, ಅಸಿಟೋನ್ ಕ್ರಮದಲ್ಲಿ ತೊಳೆದು ಒಂದೇ ನಿಮಿಷ ಸೋನಿಕೇಟ್ ಮಾಡಿ. ಹೆಚ್ಚು ಹೊತ್ತು ಸೋನಿಕೇಟ್ ಮಾಡಿದರೆ ಕಾರ್ಬನ್ ಮತ್ತು ಹೊದಿಕೆಯ ನಡುವಿನ ಸೀಲ್ ಸಡಿಲವಾಗಿ ದ್ರಾವಣ ಒಳನುಸುಳುತ್ತದೆ. ಬೇಸ್‌ಲೈನ್ ಇಳಿಜಾರಾಗಿ ಓರೆ ಮಲಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಈ ಸೀಲನ್ನೇ.

ರೆಫರೆನ್ಸ್‌ಗೆ ಬೆಳ್ಳಿ ತಂತಿ, 0.01 ಮೋಲಾರ್ ಸಿಲ್ವರ್ ನೈಟ್ರೇಟ್ ಮತ್ತು 0.1 ಮೋಲಾರ್ ಲವಣ, ದ್ರಾವಕ ಅಸಿಟೋನೈಟ್ರೈಲ್, ತುದಿಯಲ್ಲಿ ಸೆರಾಮಿಕ್ ಫ್ರಿಟ್. ಒಳದ್ರಾವಣಕ್ಕೆ ಡಿಎಂಎಫ್ ಬೇಡ, ಅದು ಬೆಳ್ಳಿಯ ಅಯಾನನ್ನು ನಿಧಾನವಾಗಿ ಲೋಹವಾಗಿಸುತ್ತದೆ, ಪೊಟೆನ್ಶಿಯಲ್ ದಿನದಿಂದ ದಿನಕ್ಕೆ ಜಾರುತ್ತದೆ. ನೀರಿನ ಕ್ಯಾಲೋಮೆಲ್ ಎಲೆಕ್ಟ್ರೋಡನ್ನು ನೇರ ಮುಳುಗಿಸುವುದಂತೂ ಬೇಡವೇ ಬೇಡ: ನೀರೂ ಪೊಟ್ಯಾಸಿಯಮ್ಮೂ ಸೋರುತ್ತವೆ, ಎರಡೂ ಈ ಕ್ರಿಯೆಯ ವೇಗ ಏರಿಸುತ್ತವೆ. ಕೌಂಟರ್ ಪ್ಲಾಟಿನಮ್ ತಂತಿ.

ಸೆಲ್ಲನ್ನು ಅಲ್ಯೂಮಿನಿಯಮ್ ಡಬ್ಬಿಯಲ್ಲಿಟ್ಟು ಡಬ್ಬಿಯನ್ನು ಸರ್ಕ್ಯೂಟ್ ನೆಲಕ್ಕೆ ಜೋಡಿಸಿ. ಹಾಗೆ ಮಾಡಿಯೂ ರೇಖೆ ನಡುಗುತ್ತಿದ್ದರೆ ಫ್ರಿಟ್ ಕಟ್ಟಿಕೊಂಡು ರೆಫರೆನ್ಸ್ ರೋಧ ಏರಿರುತ್ತದೆ, ಕಂಟ್ರೋಲ್ ಆಂಪ್ ಆಸಿಲೇಟ್ ಆಗುತ್ತಿರುತ್ತದೆ. ದ್ರಾವಣದಲ್ಲಿ ಒಂದು ಸಣ್ಣ ಪ್ಲಾಟಿನಮ್ ತಂತಿ ಇಳಿಬಿಟ್ಟು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ರೆಫರೆನ್ಸ್ ತಂತಿಗೆ ಸೇರಿಸಿದರೆ ಸಾಮಾನ್ಯವಾಗಿ ಅಡಗುತ್ತದೆ.

ದ್ರಾವಣ

ಕೆಲಸದ ಮುಕ್ಕಾಲು ಭಾಗ ಇಲ್ಲೇ ಇದೆ. ಡಿಎಂಎಫ್‌ನಲ್ಲಿ ತೂಕದ ಲೆಕ್ಕದಲ್ಲಿ 100 ಪಿಪಿಎಂ ನೀರಿದ್ದರೆ ಅದು ಸುಮಾರು 5 ಮಿಲಿಮೋಲಾರ್, ಅಂದರೆ ಅಳೆಯಲು ಹೊರಟ ಫ್ಯೂಮರೇಟ್‌ನಷ್ಟೇ ನೀರು. ಬಾಟಲಿ ಮೇಲೆ ಒಣ ಎಂದು ಬರೆದಿದ್ದರೂ ತೆರೆದ ದಿನದಿಂದ ಅದು ಗಾಳಿಯ ತೇವ ಹೀರುತ್ತಿರುತ್ತದೆ. ಮಂಗಳೂರಿನ ಜುಲೈಯಲ್ಲಿ ಮುಚ್ಚಳ ತೆರೆದಿಟ್ಟು ಪಿಪೆಟ್ ಹುಡುಕುತ್ತ ಕೂತರೆ ಒಣಗಿಸಿದ್ದೆಲ್ಲ ನೀರುಪಾಲು. 3 ಆಂಗ್‌ಸ್ಟ್ರಾಮ್ ಮಾಲಿಕ್ಯುಲರ್ ಸೀವ್ ಮಣಿಗಳನ್ನು 300 ಡಿಗ್ರಿಯಲ್ಲಿ ರಾತ್ರಿಯಿಡೀ ಕಾಯಿಸಿ, ಡೆಸಿಕೇಟರ್‌ನಲ್ಲಿ ಆರಿಸಿ, 100 ಮಿಲಿಲೀಟರಿಗೆ 20 ಗ್ರಾಂನಂತೆ ಹಾಕಿ ಎರಡು ದಿನ ಬಿಡಿ. ಅಲುಗಾಡಿಸಬೇಡಿ. ಮಣಿಗಳ ಪುಡಿ ಪ್ರತ್ಯಾಮ್ಲೀಯ, ಅದರಲ್ಲಿ ಪೊಟ್ಯಾಸಿಯಮ್, ಸೋಡಿಯಮ್ ಇರುತ್ತವೆ. ಬಳಸುವ ಮುನ್ನ 0.2 ಮೈಕ್ರಾನ್‌ನ ಟೆಫ್ಲಾನ್ ಸಿರಿಂಜ್ ಫಿಲ್ಟರ್‌ನಲ್ಲಿ ಸೋಸಿ. ಮೀನಿನ ವಾಸನೆ ಬರುವ ಡಿಎಂಎಫ್‌ನಲ್ಲಿ ಡೈಮೀಥೈಲಮೀನ್ ಆಗಲೇ ಹುಟ್ಟಿರುತ್ತದೆ, ಅದನ್ನು ತೊಳೆಯುವ ಕೆಲಸಕ್ಕೆ ಇಟ್ಟುಕೊಳ್ಳಿ.

ಲವಣ ಟೆಟ್ರಾಬ್ಯುಟೈಲ್ ಅಮೋನಿಯಮ್ ಹೆಕ್ಸಾಫ್ಲೋರೋಫಾಸ್ಫೇಟ್. ಎಥನಾಲ್‌ನಿಂದ ಮರುಸ್ಫಟಿಕ ಮಾಡಿ ನಿರ್ವಾತದಲ್ಲಿ 80 ಡಿಗ್ರಿಯಲ್ಲಿ ಒಣಗಿಸಿ. 100 ಮಿಲಿಲೀಟರಿಗೆ 3.87 ಗ್ರಾಂ ಹಾಕಿದರೆ 0.1 ಮೋಲಾರ್. ಪರ್ಕ್ಲೋರೇಟ್ ಲವಣದಿಂದಲೂ ನಡೆಯುತ್ತದೆ, ಆದರೆ ಒಣಗಿಸುವಾಗ ಸಿಡಿಯುವ ಭಯ ಇರುವ ವಸ್ತುವನ್ನು ಬೇರೆ ದಾರಿ ಇರುವಾಗ ಯಾಕೆ ತರಬೇಕು?

ಡೈಈಥೈಲ್ ಫ್ಯೂಮರೇಟ್ ದ್ರವ, ಅಣುತೂಕ 172.2, ಸಾಂದ್ರತೆ ಮಿಲಿಲೀಟರಿಗೆ 1.05 ಗ್ರಾಂ. 0.861 ಗ್ರಾಂ ತೂಗಿ ಲವಣದ ದ್ರಾವಣದಲ್ಲೇ 10 ಮಿಲಿಲೀಟರಿಗೆ ತುಂಬಿಸಿದರೆ 0.5 ಮೋಲಾರ್ ಸ್ಟಾಕ್. ಬರೀ ಡಿಎಂಎಫ್‌ನಲ್ಲಿ ಕರಗಿಸಿದರೆ ಪ್ರತಿ ಸೇರಿಕೆಗೂ ಲವಣ ತೆಳುವಾಗುತ್ತದೆ. ಸೆಲ್‌ನಲ್ಲಿ 10 ಮಿಲಿಲೀಟರ್ ಲವಣ ದ್ರಾವಣಕ್ಕೆ 40 ಮೈಕ್ರೋಲೀಟರ್ ಸ್ಟಾಕ್ ಸೇರಿದರೆ 2 ಮಿಲಿಮೋಲಾರ್, ಇನ್ನೂ 60 ಸೇರಿದರೆ 5, ಅದರ ಮೇಲೆ 100 ಸೇರಿದರೆ ಸುಮಾರು 10. ಇದರ ಜೋಡಿ ಸಿಸ್ ರೂಪವಾದ ಮಲಿಯೇಟ್ ಕಲಬೆರಕೆ ಇದ್ದರೆ ಇನ್ನಷ್ಟು ಋಣ ಪೊಟೆನ್ಶಿಯಲ್‌ನಲ್ಲಿ ಚಿಕ್ಕ ಶೃಂಗ ಕಾಣುತ್ತದೆ. ಅಪಕರ್ಷಣೆಯಾದ ಮಲಿಯೇಟ್ ಫ್ಯೂಮರೇಟ್ ರೂಪಕ್ಕೆ ತಿರುಗುವುದರಿಂದ ಲೆಕ್ಕ ಗೋಜಲಾಗುತ್ತದೆ, ಅಂಥ ಬಾಟಲಿ ಬಿಟ್ಟುಬಿಡಿ.

ಆರ್ಗಾನ್ ಅಥವಾ ಶುದ್ಧ ನೈಟ್ರೋಜನ್ 15 ನಿಮಿಷ. ಅನಿಲ ಮೊದಲು ಬೇರೆ ಬಬ್ಲರ್‌ನಲ್ಲಿ ಒಣ ಡಿಎಂಎಫ್ ದಾಟಿ ಬರಲಿ, ಇಲ್ಲದಿದ್ದರೆ ಸೆಲ್‌ನ ದ್ರಾವಕ ಆವಿಯಾಗಿ ಸಾಂದ್ರತೆ ಏರುತ್ತದೆ. ಅಳತೆಯ ಹೊತ್ತಿಗೆ ಕೊಳವೆಯನ್ನು ದ್ರಾವಣದ ಮೇಲಕ್ಕೆ ಎತ್ತಿ.

ಖಾಲಿ ದ್ರಾವಣದ ಪರೀಕ್ಷೆ

ಫ್ಯೂಮರೇಟ್ ಹಾಕುವ ಮೊದಲು ಖಾಲಿ ಲವಣ ದ್ರಾವಣದಲ್ಲಿ ಪೂರ್ತಿ ಸ್ಕ್ಯಾನ್ ತೆಗೆಯಿರಿ. ಕ್ಯಾಲೋಮೆಲ್ ಎಲೆಕ್ಟ್ರೋಡನ್ನು ಸೊನ್ನೆ ಎಂದಿಡುವ ಮಾಪಕದಲ್ಲಿ −0.8 ವೋಲ್ಟಿನ ಹತ್ತಿರ ಉಬ್ಬು ಕಂಡರೆ ಅದು ಆಮ್ಲಜನಕ. ಅದರಿಂದಾಗುವ ಸೂಪರಾಕ್ಸೈಡ್ ಎಸ್ಟರ್ ಮೇಲೆ ಬೀಳುತ್ತದೆ, ಉಬ್ಬು ಚಿಕ್ಕದೆಂದು ಬಿಡುವಂತಿಲ್ಲ, ಅನಿಲ ಮತ್ತೆ ಹಾಯಿಸಿ. ಫ್ಯೂಮರೇಟ್‌ನ ಶೃಂಗ −1.4 ವೋಲ್ಟಿನ ಆಸುಪಾಸಿನಲ್ಲಿ, ಫೆರೊಸೀನ್ ಎಂಬ ವಸ್ತುವಿನ ಎರಡು ಶೃಂಗಗಳ ಮಧ್ಯವನ್ನು ಸೊನ್ನೆ ಎಂದಿಡುವ ಮಾಪಕದಲ್ಲಿ −1.9ರ ಹತ್ತಿರ.

ಫೆರೊಸೀನನ್ನು ಎಲ್ಲ ಅಳತೆ ಮುಗಿದ ಮೇಲೆ ಹಾಕಿ, 10 ಮಿಲಿಲೀಟರಿಗೆ 1.86 ಮಿಲಿಗ್ರಾಂ. ಅದರ ಎರಡು ಶೃಂಗಗಳ ಅಂತರ 60 ಮಿಲಿವೋಲ್ಟಿನ ಹತ್ತಿರ ಇದ್ದರೆ ಸರ್ಕ್ಯೂಟ್ ಸರಿ. 100 ದಾಟಿದ್ದರೆ ಫ್ಯೂಮರೇಟ್‌ನ ಯಾವ ಸಂಖ್ಯೆಯನ್ನೂ ನಂಬಬೇಡಿ, ರೆಫರೆನ್ಸ್ ತುದಿಯನ್ನು ವರ್ಕಿಂಗ್ ಎಲೆಕ್ಟ್ರೋಡಿನ ಹತ್ತಿರ ತಂದು ಮತ್ತೆ ನೋಡಿ.

ಅಳತೆ

ಒಮ್ಮೆ ದೂರದವರೆಗೆ ಸ್ಕ್ಯಾನ್ ಮಾಡಿ ಎರಡನೇ ಅಪಕರ್ಷಣೆ ಎಲ್ಲಿ ಶುರುವಾಗುತ್ತದೆಂದು ನೋಡಿಕೊಳ್ಳಿ. ಹಿಂತಿರುಗುವ ಬಿಂದು ಅದರ ಬುಡಕ್ಕಿಂತ ಕನಿಷ್ಠ 100 ಮಿಲಿವೋಲ್ಟ್ ಮೊದಲೇ ಇರಲಿ. ಆಮೇಲೆ ಎಲ್ಲ ಸ್ಕ್ಯಾನ್‌ಗೂ ಅದೇ ಬಿಂದು, ಬದಲಾಯಿಸಬಾರದು. ಹೋಗುವ, ಬರುವ ಶೃಂಗಗಳ ಮಧ್ಯಬಿಂದುವಿನ ಪೊಟೆನ್ಶಿಯಲ್‌ನಿಂದ 300 ಮಿಲಿವೋಲ್ಟ್ ಆಚೆಗೆ ತಿರುಗುವಂತಿದ್ದರೆ, ಸೆಕೆಂಡಿಗೆ 40 ಮಿಲಿವೋಲ್ಟಿನಲ್ಲಿ ರ‍್ಯಾಡಿಕಲ್‌ಗೆ ಜೋಡಿಯಾಗಲು 7.5 ಸೆಕೆಂಡ್ ಸಿಗುತ್ತದೆ, 200ರಲ್ಲಿ 1.5 ಸೆಕೆಂಡ್. ಜೋಡಿಯಾಗದೆ ಉಳಿದದ್ದು ಹಿಂದಿರುಗುವಾಗ ಉತ್ಕರ್ಷಣೆಯ ಶೃಂಗ ಕೊಡುತ್ತದೆ. ಈ ಹಿಂದಿನ ಶೃಂಗ, ಹೋಗುವಾಗ ಬಂದ ಅಪಕರ್ಷಣೆಯ ಶೃಂಗಕ್ಕಿಂತ (ಇದೇ ಮುಂದಿನ ಶೃಂಗ) ಎಷ್ಟು ಕಡಿಮೆ ಎಂಬುದೇ ವೇಗದ ಸುಳಿವು.

ಹಿಂದಿನ ಶೃಂಗ ಕುಗ್ಗಿದ್ದಕ್ಕೇ ಡೈಮರ್ ಎಂದು ಬರೆದುಬಿಡುವವರಿದ್ದಾರೆ. ಅಷ್ಟು ಸಾಲದು. ನೀರು ಪ್ರೋಟಾನ್ ಕೊಟ್ಟು ರ‍್ಯಾಡಿಕಲನ್ನು ಕೊಂದರೂ ಶೃಂಗ ಕುಗ್ಗುತ್ತದೆ. ಬೇರ್ಪಡಿಸುವ ಪರೀಕ್ಷೆ ಸಾಂದ್ರತೆಯನ್ನು ಸ್ಕ್ಯಾನ್ ವೇಗದಿಂದ ಭಾಗಿಸಿದ ಸಂಖ್ಯೆಯನ್ನು ಸ್ಥಿರವಾಗಿಡುವುದು. 2 ಮಿಲಿಮೋಲಾರ್‌ಗೆ 40 ಮಿಲಿವೋಲ್ಟ್, 5ಕ್ಕೆ 100, 10ಕ್ಕೆ 200. ಎರಡು ರ‍್ಯಾಡಿಕಲ್ ಸೇರಿ ಡೈಮರ್ ಆಗುತ್ತಿದ್ದರೆ ವೇಗ ಸಾಂದ್ರತೆಯ ವರ್ಗಕ್ಕೆ ಅನುಪಾತ, ಆಗ ಮೂರೂ ರೇಖೆಗಳನ್ನು ಸಾಂದ್ರತೆ ಮತ್ತು ಸ್ಕ್ಯಾನ್ ವೇಗದ ವರ್ಗಮೂಲದಿಂದ ಭಾಗಿಸಿದರೆ ಒಂದರ ಮೇಲೊಂದು ಕೂರುತ್ತವೆ. ಪ್ರೋಟಾನ್ ದಾಳಿಯಾಗಿದ್ದರೆ ಕೂರುವುದಿಲ್ಲ: 10 ಮಿಲಿಮೋಲಾರ್‌ನ ವೇಗದ ಸ್ಕ್ಯಾನಿನಲ್ಲಿ ಹಿಂದಿನ ಶೃಂಗ ದೊಡ್ಡದಾಗಿ ಉಳಿದಿರುತ್ತದೆ, ಏಕೆಂದರೆ ಮೊದಲ ದರ್ಜೆಯ ಕ್ರಿಯೆಗೆ ಸಿಕ್ಕ ಸಮಯ ಮಾತ್ರ ಲೆಕ್ಕ. ಎರಡನೇ ಗುಂಪು 2ಕ್ಕೆ 100, 5ಕ್ಕೆ 250, 10ಕ್ಕೆ 500. ಇವು ಕೂತರೆ ಮುಂದಕ್ಕೆ ಹೋಗಿ, ಕೂರದಿದ್ದರೆ ವೇಗ ಸ್ಥಿರಾಂಕ ಲೆಕ್ಕ ಹಾಕುವುದರಲ್ಲಿ ಅರ್ಥವಿಲ್ಲ.

ಪ್ರತಿ ಸ್ಕ್ಯಾನ್ ನಡುವೆ ಅನಿಲ ಹಾಯಿಸಿ ಕಲಕಿ, ಆಮೇಲೆ ಒಂದು ನಿಮಿಷ ಅಲುಗದೆ ನಿಲ್ಲಿಸಿ. ಮೊದಲ ಸೈಕಲ್ ಮಾತ್ರ ಬಳಸಿ. ಸೆಕೆಂಡಿಗೆ 20 ಮಿಲಿವೋಲ್ಟ್‌ನಲ್ಲಿ ಹೋಗಿಬರಲು ಒಂದು ನಿಮಿಷ ಹಿಡಿಯುವುದರಿಂದ ದ್ರಾವಣದ ಸಹಜ ಚಲನೆ ಕೈಯಾಡಿಸುತ್ತದೆ, ಬಾಲ ಚಪ್ಪಟೆಯಾಗುತ್ತದೆ. ಮೇಜಿನ ಮೇಲೆ ವ್ಯಾಕ್ಯೂಮ್ ಪಂಪ್ ಇದ್ದರೆ ಅಳೆಯುವಾಗ ಆರಿಸಿ. ಉಷ್ಣತೆ 25 ಡಿಗ್ರಿ, ನೀರಿನ ತೊಟ್ಟಿಯಲ್ಲಿ ಅರ್ಧ ಡಿಗ್ರಿಯೊಳಗೆ. ಒಂದೇ ಸ್ಥಿತಿಯನ್ನು ಮತ್ತೆ ಅಳೆದಾಗ ಮುಂದಿನ ಶೃಂಗ 3 ಶೇಕಡಾಕ್ಕಿಂತ ಹೆಚ್ಚು ಕುಸಿದಿದ್ದರೆ ಎಲೆಕ್ಟ್ರೋಡ್ ಮೇಲೆ ಪದರ ಕೂತಿದೆ, ಮತ್ತೆ ಪಾಲಿಶ್ ಮಾಡಿ.

ಲೆಕ್ಕ

ಹಿಂದಿನ ಶೃಂಗಕ್ಕೆ ಬೇಸ್‌ಲೈನ್ ಎಳೆಯುವುದು ಕೈಚಳಕದ ಮಾತು, ಇಬ್ಬರು ಎಳೆದರೆ ಎರಡು ಉತ್ತರ. ನಿಕೋಲ್ಸನ್ ಸೂತ್ರ ಆ ತಗಾದೆ ತಪ್ಪಿಸುತ್ತದೆ. ಶೂನ್ಯ ಕರೆಂಟಿನಿಂದ ಅಳೆದ ಹಿಂದಿನ ಶೃಂಗ, ತಿರುಗುವ ಬಿಂದುವಿನ ಕರೆಂಟಿನ 0.485 ಪಟ್ಟು, ಇವೆರಡನ್ನೂ ಮುಂದಿನ ಶೃಂಗದಿಂದ ಭಾಗಿಸಿ ಕೂಡಿ, 0.086 ಸೇರಿಸಿದರೆ ಅನುಪಾತ ಸಿಗುತ್ತದೆ. ಖಾಲಿ ದ್ರಾವಣದ ರೇಖೆಯನ್ನು ಮೊದಲೇ ಕಳೆದಿರಬೇಕು. ಡೈಮರ್ ಕ್ರಿಯೆಗೆ ಈ ಅನುಪಾತದಿಂದ ವೇಗ ಸ್ಥಿರಾಂಕಕ್ಕೆ ಹೋಗುವ ವಕ್ರರೇಖೆಯನ್ನು ಓಲ್ಮ್‌ಸ್ಟೆಡ್, ಹ್ಯಾಮಿಲ್ಟನ್, ನಿಕೋಲ್ಸನ್ 1969ರಲ್ಲಿ ಪ್ರಕಟಿಸಿದ್ದಾರೆ. ಆದರೆ ಈಗ ಪೈಥಾನ್‌ನಲ್ಲಿ ನಮ್ಮದೇ ಸಿಮ್ಯುಲೇಶನ್ ಬರೆಯುವುದು ಅರ್ಧ ದಿನದ ಕೆಲಸ, ಪೂರ್ತಿ ರೇಖೆಯನ್ನೇ ಹೋಲಿಸಬಹುದು.

ಎಲೆಕ್ಟ್ರೋಡಿನಿಂದ ಹೊರಕ್ಕೆ 200 ಪದರ, ಪ್ರತಿ 0.5 ಮಿಲಿವೋಲ್ಟಿಗೆ ಒಂದು ಸಮಯದ ಹೆಜ್ಜೆ, ಹೋಗಿಬರಲು 1.2 ವೋಲ್ಟಿಗೆ 2400 ಹೆಜ್ಜೆ, ವಿಸರಣ ಸಂಖ್ಯೆ (ವಿಸರಣಾಂಕ × ಸಮಯದ ಹೆಜ್ಜೆ ÷ ಪದರದ ದಪ್ಪದ ವರ್ಗ) 0.45. ಅದು 0.5 ದಾಟಿದರೆ ಲೆಕ್ಕ ಸ್ಫೋಟಿಸುತ್ತದೆ. ಪ್ರತಿ ಹೆಜ್ಜೆಯಲ್ಲಿ ಫ್ಯೂಮರೇಟ್, ರ‍್ಯಾಡಿಕಲ್ ಎರಡೂ ಪದಾರ್ಥಗಳ ವಿಸರಣ ಮಾಡಿ, ಆಮೇಲೆ ಪ್ರತಿ ಪದರದ ರ‍್ಯಾಡಿಕಲ್‌ನಿಂದ ಅದರ ವರ್ಗ, 2, ವೇಗ ಸ್ಥಿರಾಂಕ, ಸಾಂದ್ರತೆ, ಸಮಯದ ಹೆಜ್ಜೆ ಇಷ್ಟರ ಗುಣಲಬ್ಧ ಕಳೆಯಿರಿ. ಮೇಲ್ಮೈಯಲ್ಲಿ ನರ್ನ್ಸ್ಟ್ ಅನುಪಾತ (ಆ ಪೊಟೆನ್ಶಿಯಲ್‌ನಲ್ಲಿ ಎರಡೂ ಪದಾರ್ಥ ಇರಬೇಕಾದ ಪ್ರಮಾಣ): ಮೊದಲ ಪದರದ ಎರಡೂ ಪದಾರ್ಥಗಳ ಮೊತ್ತವನ್ನು ಆ ಅನುಪಾತಕ್ಕೆ ತಕ್ಕಂತೆ ಹಂಚಿ. ವೇಗ ಸ್ಥಿರಾಂಕ ಸೊನ್ನೆ ಇಟ್ಟಾಗ ಆಯಾಮರಹಿತ ಶೃಂಗ 0.446 ಬರಬೇಕು, ಬರದಿದ್ದರೆ ಕೋಡಿನಲ್ಲಿ ತಪ್ಪಿದೆ. ಆ 2ರ ಬಗ್ಗೆ ಎಚ್ಚರ: ಡೈಮರ್ ಹುಟ್ಟುವ ವೇಗಕ್ಕೆ ಸ್ಥಿರಾಂಕ ಹೇಳುತ್ತೇವೋ, ರ‍್ಯಾಡಿಕಲ್ ಖರ್ಚಾಗುವ ವೇಗಕ್ಕೋ ಎಂಬುದರ ಮೇಲೆ ಉತ್ತರ ದುಪ್ಪಟ್ಟಾಗುತ್ತದೆ. ಹಳೆಯ ಲೇಖನಗಳ ಸಂಖ್ಯೆ ಹೋಲಿಸುವಾಗ ಮೊದಲು ಇದನ್ನು ನೋಡಿ.

ಸಂಖ್ಯೆ ನೂರಾರು ಬಂದರೆ

ವೇಗ ನಿರೀಕ್ಷೆಗಿಂತ ಬಹಳ ಹೆಚ್ಚಿದ್ದು, ಮೇಲಿನ ಪರೀಕ್ಷೆಯಲ್ಲಿ ರೇಖೆಗಳು ಮಾತ್ರ ಸರಿಯಾಗಿ ಕೂರುತ್ತಿದ್ದರೆ ನೀರು ಅಥವಾ ಕ್ಷಾರಲೋಹದ ಅಯಾನು ಸೇರಿಕೊಂಡಿದೆ. ಎರಡು ಋಣ ಅಯಾನುಗಳು ಒಂದನ್ನೊಂದು ವಿಕರ್ಷಿಸುತ್ತವೆ, ದೊಡ್ಡ ಟೆಟ್ರಾಬ್ಯುಟೈಲ್ ಅಮೋನಿಯಮ್ ಆ ವಿಕರ್ಷಣೆಯನ್ನು ಅಷ್ಟಾಗಿ ತಗ್ಗಿಸದು. ಲಿಥಿಯಮ್, ಸೋಡಿಯಮ್‌ನಂಥ ಚಿಕ್ಕ ಧನ ಅಯಾನು ಜೊತೆಗೂಡಿದರೆ, ಇಲ್ಲವೇ ನೀರು ಹೈಡ್ರೋಜನ್ ಬಂಧದಿಂದ ಋಣಾಂಶವನ್ನು ಹಿಡಿದುಕೊಂಡರೆ, ಡೈಮರ್ ಬೇಗ ಆಗುತ್ತದೆ. ಯಾವುದು ಎಂದು ತಿಳಿಯಲು ಬೇಕೆಂದೇ ನೀರು ಸೇರಿಸಿ: 10 ಮಿಲಿಲೀಟರಿಗೆ 2 ಮೈಕ್ರೋಲೀಟರ್ ಅಂದರೆ 11 ಮಿಲಿಮೋಲಾರ್. ಅನುಪಾತ ಹೆಚ್ಚು ಕದಲದಿದ್ದರೆ ತಪ್ಪು ನೀರಿನದಲ್ಲ, ಸೀವ್ ಪುಡಿಯದ್ದೋ ಸೋರುವ ರೆಫರೆನ್ಸಿನದ್ದೋ ಇರುತ್ತದೆ.

ಎಲೆಕ್ಟ್ರಾನ್ ಲೆಕ್ಕಕ್ಕೆ ದೊಡ್ಡ ಕಾರ್ಬನ್ ಎಲೆಕ್ಟ್ರೋಡ್ ಹಾಕಿ, ಕೌಂಟರನ್ನು ಫ್ರಿಟ್ ಹಿಂದಿನ ಬೇರೆ ಕೋಣೆಗೆ ಕಳಿಸಿ ಪೂರ್ತಿ ಅಪಕರ್ಷಿಸಿ. 10 ಮಿಲಿಲೀಟರ್, 5 ಮಿಲಿಮೋಲಾರ್‌ಗೆ ಅಣುವಿಗೊಂದು ಎಲೆಕ್ಟ್ರಾನ್ ಎಂದರೆ 4.82 ಕೂಲಾಂ. ಇದನ್ನು ಗಣನೀಯವಾಗಿ ಮೀರಿದರೆ ಆಮ್ಲಜನಕ ಅಥವಾ ಪ್ರೋಟಾನ್ ಕೊಡುವ ಕಲ್ಮಶ ಪಾಲು ತಿಂದಿದೆ.

ಇದೇ ಪೆಟ್ಟಿಗೆಯಲ್ಲಿ ಫ್ಯೂಮರೋನೈಟ್ರೈಲ್ ಅಳೆಯಲು ಹೊರಟರೆ ಹಿಂದಿನ ಶೃಂಗ ಕಾಣುವುದೇ ಇಲ್ಲ. 1 ಮಿಲಿಮೋಲಾರ್‌ನಲ್ಲೂ ಶೃಂಗ ಕಾಣಲು ಸೆಕೆಂಡಿಗೆ ಹತ್ತಾರು ವೋಲ್ಟ್ ವೇಗ ಬೇಕು. ಅಲ್ಲಿ ಶೃಂಗದ ಪೊಟೆನ್ಶಿಯಲನ್ನೇ ಹಿಂಬಾಲಿಸಬೇಕು: ರ‍್ಯಾಡಿಕಲ್–ರ‍್ಯಾಡಿಕಲ್ ಡೈಮರ್ ಆದರೆ ಸ್ಕ್ಯಾನ್ ವೇಗ ಹತ್ತು ಪಟ್ಟಾದಾಗ ಶೃಂಗ 20 ಮಿಲಿವೋಲ್ಟ್ ಋಣ ಕಡೆಗೆ, ಸಾಂದ್ರತೆ ಹತ್ತು ಪಟ್ಟಾದಾಗ 20 ಮಿಲಿವೋಲ್ಟ್ ಧನ ಕಡೆಗೆ ಸರಿಯುತ್ತದೆ. ರ‍್ಯಾಡಿಕಲ್ ಅಪಕರ್ಷಣೆಯಾಗದ ಅಣುವಿನ ಮೇಲೆ ಬೀಳುವುದೇ ನಿಧಾನದ ಹಂತವಾಗಿದ್ದರೆ ಎರಡೂ 30. ಪ್ರೋಟಾನ್ ದಾಳಿಯಂಥ ಮೊದಲ ದರ್ಜೆಯದಾದರೆ ಸ್ಕ್ಯಾನ್ ವೇಗಕ್ಕೆ 30, ಸಾಂದ್ರತೆಗೆ ಸೊನ್ನೆ. 20 ಮತ್ತು 30ರ ನಡುವಿನ ವ್ಯತ್ಯಾಸ ನಮ್ಮ ಡ್ಯಾಕ್‌ನ ಎಂಟು ಮೆಟ್ಟಿಲಷ್ಟೇ, ಆದ್ದರಿಂದ ಅಲ್ಲಿ ವೋಲ್ಟೇಜ್ ನಷ್ಟದ ತಿದ್ದುಪಡಿ ಕಡ್ಡಾಯ, ಪ್ರತಿ ಸ್ಕ್ಯಾನಿನಲ್ಲೂ ಫೆರೊಸೀನ್ ಜೊತೆಗಿರಬೇಕು.